ಮಾತಿಗೆ ಬೆಲೆಯಿಲ್ಲದ ದ್ವೀಪ

ಭಾಸನ ‘ಪ್ರತಿಜ್ಞಾಯೌಗಂಧರಾಯಣ’ವನ್ನು ಓದಿದವರು ಅದರ ಮೂರನೆಯ ಅಂಕವನ್ನು ಮರೆಯಲಾರರು. ವತ್ಸರಾಜನಾದ ಉದಯನನು ಉಜ್ಜಯಿನಿಯಲ್ಲಿ ಸೆರೆ ಬಿದ್ದಿರುವಾಗ ಅವನ ಮಂತ್ರಿಯಾದ ಯೌಗಂಧರಾಯಣನು ಹುಚ್ಚನ ವೇಷದಿಂದ ಶತ್ರುವಿನ ಪಟ್ಟಣವನ್ನು ಹೊಕ್ಕು, ಅಸಂಬದ್ಧ ಪ್ರಲಾಪಗಳ ನಡುವೆ ತನ್ನವರೊಡನೆ ಮಂತ್ರಾಲೋಚನೆ ನಡೆಸುತ್ತಾನೆ. ಹುಚ್ಚನ ಮಾತಿಗೆ ಯಾರೂ ಕಿವಿಗೊಡರೆಂಬ ಲೋಕರೂಢಿಯೇ ಅವನಿಗೆ ಕವಚ. ಪ್ರೇಕ್ಷಕರು ನಗುತ್ತಾರೆ, ಒಡೆಯನು ಬಿಡುಗಡೆ ಹೊಂದುತ್ತಾನೆ, ನಾಟಕವು ಮಂಗಳವಾಗಿ ಮುಗಿಯುತ್ತದೆ. ಆದರೆ ಅದೇ ಲೋಕರೂಢಿಯು ವೇಷವಿಲ್ಲದವರ ಮೇಲೆ ಬಿದ್ದರೆ, ಸ್ವಸ್ಥಚಿತ್ತರಾದವರನ್ನು ಒಮ್ಮೆ ‘ಹುಚ್ಚರು’ ಎಂದು ಬರೆದಿಟ್ಟ ಮೇಲೆ ಅವರಾಡುವ ಒಂದೊಂದು ಸರಿಯಾದ ಮಾತೂ ಹುಚ್ಚಿನ ಲಕ್ಷಣವೆಂದೇ ಎಣಿಕೆಗೆ ಬಂದರೆ, ಆಗ ನಗುವವರಾರು? ಅಂತಹ ಸ್ಥಿತಿಯನ್ನು ತಾನೇ ಹೊಕ್ಕು ನೋಡಿ ಲೋಕಕ್ಕೆ ತಿಳಿಸಿದವಳು 1887ರಲ್ಲಿ ಅಮೆರಿಕದ ನ್ಯೂಯಾರ್ಕ್ ನಗರದಲ್ಲಿದ್ದ ಇಪ್ಪತ್ತಮೂರು ವರ್ಷದ ಒಬ್ಬ ವರದಿಗಾರ್ತಿ. ನೆಲ್ಲಿ ಬ್ಲೈ ಎಂಬುದು ಪತ್ರಿಕೆಗಳಲ್ಲಿ ಆಕೆಗಿದ್ದ ಹೆಸರು.

ಆಕೆಯ ನಿಜನಾಮ ಎಲಿಜಬೆತ್ ಕೊಕ್ರನ್. ಪೆನ್ಸಿಲ್ವೇನಿಯಾ ಸಂಸ್ಥಾನದ ಒಂದು ಹಳ್ಳಿಯಲ್ಲಿ 1864ನೆಯ ಇಸವಿ ಮೇ ತಿಂಗಳ 5ನೆಯ ತಾರೀಖು ಜನಿಸಿದಳು. ಹಳ್ಳಿಗೆ ಅವಳ ಮನೆತನದ ಹೆಸರೇ ಇದ್ದಿತು. ತಂದೆ ಗಿರಣಿಯ ಒಡೆಯನೂ ನ್ಯಾಯಾಧಿಪತಿಯೂ ಆಗಿದ್ದನು. ಮಗಳಿಗೆ ಆರು ವರ್ಷವಾಗಿದ್ದಾಗ ಅವನು ಉಯಿಲು ಬರೆದಿಡದೆ ತೀರಿಕೊಂಡನು, ಐಶ್ವರ್ಯವು ಹಂಚಿಹೋಯಿತು. ತಾಯಿ ಮರುಮದುವೆಯಾದಳು. ಎರಡನೆಯ ಗಂಡ ಕುಡುಕ, ಕೈಮಾಡುವವನು. 1879ರಲ್ಲಿ ತಾಯಿ ವಿಚ್ಛೇದನಕ್ಕಾಗಿ ನ್ಯಾಯಸ್ಥಾನವನ್ನು ಸೇರಿದಾಗ ಹದಿನಾಲ್ಕು ವರ್ಷದ ಮಗಳು ಸಾಕ್ಷಿ ನುಡಿದಳು. ನ್ಯಾಯಸ್ಥಾನವು ತಾಯಿಯ ಪಕ್ಷವಾಗಿ ತೀರ್ಪು ಕೊಟ್ಟಿತು. ಕಣ್ಣಾರೆ ಕಂಡುದನ್ನು ಹತ್ತು ಜನರೆದುರು ಹೇಳಿದರೆ ಫಲವುಂಟು ಎಂಬ ಪಾಠವು ಅವಳಿಗೆ ಯಾವ ಶಾಲೆಗಿಂತಲೂ ಮೊದಲು ಅಲ್ಲಿಯೇ ಆಗಿರಬೇಕು. ಅದೇ ವರ್ಷ ಉಪಾಧ್ಯಾಯಿನಿಯಾಗಬೇಕೆಂದು ನಾರ್ಮಲ್ ಶಾಲೆಗೆ ಸೇರಿ, ಒಂದು ಅವಧಿ ಮುಗಿಯುವಷ್ಟರಲ್ಲಿ ಹಣವಿಲ್ಲದೆ ಬಿಟ್ಟಳು. ಶುಲ್ಕ ತೆರಲಾರದೆ ಹಾಜರಿಪಟ್ಟಿಯಿಂದ ಹೆಸರು ಹೊಡೆಸಿಕೊಂಡು ಹೋದ ಜಾಣ ಮಕ್ಕಳು ಆಮೇಲೆ ಏನಾದರೆಂದು ಲೆಕ್ಕವಿಟ್ಟ ಶಾಲೆ ಯಾವ ದೇಶದಲ್ಲಿಯೂ ಇಲ್ಲ.

1885ರ ಮೊದಲಲ್ಲಿ ಪಿಟ್ಸ್‌ಬರ್ಗ್ ನಗರದ ‘ಡಿಸ್ಪ್ಯಾಚ್’ ಪತ್ರಿಕೆಯಲ್ಲಿ ಅಂಕಣಕಾರನೊಬ್ಬನು ಹೆಣ್ಣುಮಕ್ಕಳು ಯಾವುದಕ್ಕೆ ಯೋಗ್ಯರೆಂದು ವಿಚಾರಮಾಡಿ, ಮನೆಯ ಹೊಸಿಲೇ ಅವರ ಎಲ್ಲೆ, ಹೊರಗೆ ದುಡಿಯುವ ಹೆಂಗಸು ಸೃಷ್ಟಿಗೆ ವಿಪರೀತ ಎಂಬ ನಿರ್ಣಯಕ್ಕೆ ಬಂದಿದ್ದನು. ತಂದೆಯಿಲ್ಲದ ಮನೆಯಲ್ಲಿ ದುಡಿಯದೆ ಉಣ್ಣುವ ಉಪಾಯ ಯಾವುದೆಂಬುದನ್ನು ಮಾತ್ರ ಆ ಮಹಾಶಯನು ತಿಳಿಸಿರಲಿಲ್ಲ. ಎಲಿಜಬೆತ್ ‘ಒಂಟಿಯಾದ ಅನಾಥ ಹುಡುಗಿ’ ಎಂದು ಸಹಿ ಹಾಕಿ ಕಟುವಾಗಿ ಉತ್ತರ ಬರೆದಳು. ಹೆಸರಿಲ್ಲದ ಆ ಪತ್ರದ ವೇಗವನ್ನು ಸಂಪಾದಕನಾದ ಜಾರ್ಜ್ ಮ್ಯಾಡನ್ ಗುರುತಿಸಿ, ಬರೆದವರು ಕಚೇರಿಗೆ ಬಂದು ಕಾಣಬೇಕೆಂದು ಪತ್ರಿಕೆಯಲ್ಲಿಯೇ ಪ್ರಕಟಿಸಿದನು. ಆಕೆ ಬಂದಳು, ಕೆಲಸ ದೊರೆಯಿತು, ಒಂದು ಹಳೆಯ ಹಾಡಿನಿಂದ ತೆಗೆದ ಹೆಸರೂ ದೊರೆಯಿತು. ಕಾರ್ಖಾನೆಗಳ ಕೂಲಿ ಹುಡುಗಿಯರ ವಿಷಯವಾಗಿ ಆಕೆ ಬರೆಯತೊಡಗಿದೊಡನೆ ಪತ್ರಿಕೆಯವರು ಅವಳನ್ನು ಉಡುಗೆ ತೊಡುಗೆ, ಹೂದೋಟ, ಸಂಗೀತಗಳ ಪುಟಕ್ಕೆ ಅಟ್ಟಿದರು. ಅದನ್ನು ಸಹಿಸದೆ ಮೆಕ್ಸಿಕೋ ದೇಶಕ್ಕೆ ಹೋಗಿ ಅಲ್ಲಿಂದ ಆರು ತಿಂಗಳು ಬರೆದು, 1887ರಲ್ಲಿ ಆಕೆ ನ್ಯೂಯಾರ್ಕನ್ನು ಸೇರಿದಳು.

ಪತ್ರಿಕೆಯ ಕಚೇರಿಗಳಲ್ಲಿ ಹೆಂಗಸಿನ ಮಾತಿಗಿದ್ದ ಬೆಲೆ ಅಂದಿಗೆ ಅಷ್ಟರಲ್ಲೇ ಇದ್ದಿತು. ಅದಕ್ಕೆ ಅಪವಾದಗಳಿಲ್ಲವೆಂದಲ್ಲ. ನಾಲ್ಕು ದಶಕಗಳ ಹಿಂದೆ ಮಾರ್ಗರೆಟ್ ಫುಲ್ಲರ್ ಎಂಬ ವಿದುಷಿ ನ್ಯೂಯಾರ್ಕಿನ ‘ಟ್ರಿಬ್ಯೂನ್’ ಪತ್ರಿಕೆಯನ್ನು ಸೇರಿ, ಹೆಸರಿಗೆ ಬದಲಾಗಿ ಒಂದು ನಕ್ಷತ್ರದ ಗುರುತಿಟ್ಟು ಲೇಖನಗಳನ್ನು ಬರೆಯುತ್ತಿದ್ದಳು. 1845ರ ಫೆಬ್ರವರಿ ಮಾರ್ಚಿಗಳಲ್ಲಿ ಆಕೆ ಎರಡು ಹುಚ್ಚಾಸ್ಪತ್ರೆಗಳನ್ನು ನೋಡಿ ಬರೆದಳು. ಬ್ಲೂಮಿಂಗ್‌ಡೇಲಿನಲ್ಲಿ ರೋಗಿಗಳಿಗಾಗಿ ಏರ್ಪಡಿಸಿದ್ದ ನೃತ್ಯಕೂಟವನ್ನು ಕಂಡು, ಮರ್ಯಾದೆಯಿಂದ ನಡೆಸಿಕೊಂಡರೆ ಚಿತ್ತವಿಕಲರೂ ಎಷ್ಟು ಮರ್ಯಾದೆಯಿಂದ ನಡೆಯಬಲ್ಲರೆಂದು ಸಂತೋಷಪಟ್ಟಳು. ಮುಂದಿನ ತಿಂಗಳು ನಗರದ ಬಡವರಿಗಾಗಿ ಬ್ಲ್ಯಾಕ್‌ವೆಲ್ ದ್ವೀಪದಲ್ಲಿದ್ದ ಆಸ್ಪತ್ರೆಗೆ ಹೋದಾಗ ಕಂಡುದು ಬೇರೆ: ಮೂಲೆಗಳಲ್ಲಿ ಮುದುಡಿ ಕುಳಿತ, ಬಂದವರತ್ತ ಕಣ್ಣೆತ್ತಿ ನೋಡದ ಜನ. ಆಕೆ ಬರೆದಳು, ನಗರವು ಓದಿತು, ದ್ವೀಪವು ಇದ್ದಂತೆಯೇ ಇದ್ದಿತು.

ಈ ದ್ವೀಪದ ಸಂಗತಿಯನ್ನು ಸ್ವಲ್ಪ ಹೇಳಬೇಕು. ನ್ಯೂಯಾರ್ಕಿನ ಪಕ್ಕದಲ್ಲಿ ಹರಿಯುವ ಈಸ್ಟ್ ನದಿಯ ನಡುವೆ ಉದ್ದವಾಗಿ ಕಿರಿದಾಗಿ ಚಾಚಿಕೊಂಡಿರುವ ನೆಲ ಅದು. ನಗರವು ಕಣ್ಣೆದುರಿಗೆ ಇರಬಾರದೆಂದುಕೊಂಡವರನ್ನೆಲ್ಲ, ಅಪರಾಧಿಗಳು, ನಿರ್ಗತಿಕರು, ರೋಗಿಗಳು ಎನ್ನದೆ, ದೋಣಿಯಲ್ಲಿ ಕೂರಿಸಿ ಅಲ್ಲಿಗೆ ಕಳುಹಿಸುತ್ತಿದ್ದಿತು. ಅಲ್ಲಿಯ ಹುಚ್ಚಾಸ್ಪತ್ರೆ ತೆರೆದುದು 1839ರಲ್ಲಿ. ಎಂಟು ಮೂಲೆಯ ಗೋಪುರವುಳ್ಳ ಅದರ ಕಟ್ಟಡವು ನೋಡಲು ಬಹು ಚೆಲುವು. ಒಳಗಿನ ಜನರನ್ನು ನೋಡಿಕೊಳ್ಳುವುದಕ್ಕೆ ಮಾತ್ರ ಮೊದಮೊದಲು ಪಕ್ಕದ ಸೆರೆಮನೆಯ ಕೈದಿಗಳನ್ನೇ ನೇಮಿಸಿದ್ದರು. 1842ರಲ್ಲಿ ಬಂದಿದ್ದ ಆಂಗ್ಲ ಕಾದಂಬರಿಕಾರ ಡಿಕನ್ಸನು ಗೋಪುರದ ಮೆಟ್ಟಿಲನ್ನು ಹೊಗಳಿ, ಉಳಿದುದನ್ನು ಕಂಡು ಬೇಗನೆ ಹೊರಬಿದ್ದನು. ನೆಲ್ಲಿ ಬ್ಲೈ ಹೋಗುವ ಕಾಲಕ್ಕೆ ಅದು ಕೇವಲ ಹೆಂಗಸರ ಆಸ್ಪತ್ರೆಯಾಗಿದ್ದಿತು. 1600 ಮಂದಿ ಅಲ್ಲಿದ್ದರೆಂದೂ ವೈದ್ಯರು 16 ಮಂದಿಯೆಂದೂ ಆಕೆಯೇ ಲೆಕ್ಕ ಕೊಟ್ಟಿದ್ದಾಳೆ.

ಜೋಸೆಫ್ ಪುಲಿಟ್ಜರನ ‘ವರ್ಲ್ಡ್’ ಪತ್ರಿಕೆಯ ಸಂಪಾದಕನಾದ ಜಾನ್ ಕಾಕೆರಿಲ್ ಕೆಲಸ ಕೇಳಿಕೊಂಡು ಬಂದ ಹುಡುಗಿಗೆ ಈ ದ್ವೀಪವನ್ನು ತೋರಿಸಿದನು. ಹುಚ್ಚಿಯಂತೆ ನಟಿಸಿ ಒಳಗೆ ಹೋಗಬೇಕು, ಕಂಡುದನ್ನು ಕಂಡಂತೆ ಬರೆಯಬೇಕು. ಹೊರಗೆ ತರುವುದು ಹೇಗೆಂದು ಆಕೆ ಕೇಳಿದ್ದಕ್ಕೆ, ಅದು ತನಗಿನ್ನೂ ತಿಳಿಯದು, ಹೇಗಾದರೂ ತರಿಸುವೆವು ಎಂಬುದೇ ಅವನ ಉತ್ತರ. ಚಕ್ರವ್ಯೂಹದ ಬಾಗಿಲಲ್ಲಿ ನಿಂತ ಅಭಿಮನ್ಯುವಿಗೆ ಹಿರಿಯರು ಕೊಟ್ಟ ಭರವಸೆಯೂ ಇಂತಹುದೇ. ಇದಕ್ಕೆ ಹದಿನೈದು ವರ್ಷ ಹಿಂದೆ, 1872ರಲ್ಲಿ, ಜೂಲಿಯಸ್ ಚೇಂಬರ್ಸ್ ಎಂಬ ವರದಿಗಾರನು ಇದೇ ಉಪಾಯದಿಂದ ಬ್ಲೂಮಿಂಗ್‌ಡೇಲನ್ನು ಹೊಕ್ಕು ಬಂದಿದ್ದನೆಂಬುದನ್ನು ಇಲ್ಲಿ ಮರೆಮಾಡಬಾರದು. ಆದರೆ ಬ್ಲೂಮಿಂಗ್‌ಡೇಲಿಗೆ ಹಣ ತೆತ್ತು ಸೇರುವವರೇ ಹೆಚ್ಚು. ದ್ವೀಪಕ್ಕೆ ಹೋಗುವವರು ತೆರಲಾರದವರು.

ಆ ವರ್ಷದ ಸೆಪ್ಟೆಂಬರ್ ತಿಂಗಳಲ್ಲಿ ನೆಲ್ಲಿ ರಾತ್ರಿಯೆಲ್ಲ ಕನ್ನಡಿಯ ಮುಂದೆ ಕಣ್ಣರಳಿಸಿ ನೋಡುವ ಅಭ್ಯಾಸ ಮಾಡಿ, ಮರುದಿನ ನೆಲ್ಲಿ ಬ್ರೌನ್ ಎಂಬ ಹೆಸರಿನಿಂದ ದುಡಿಯುವ ಹೆಂಗಸರು ತಂಗುವ ಒಂದು ಮನೆಯಲ್ಲಿ ಕೋಣೆ ಹಿಡಿದಳು. ತನ್ನ ಪೆಟ್ಟಿಗೆಗಳು ಕಳೆದುಹೋಗಿವೆಯೆಂದಳು. ಇಲ್ಲಿರುವವರೆಲ್ಲರೂ ಹುಚ್ಚರಂತೆ ಕಾಣುತ್ತಾರೆಂದಳು. ರಾತ್ರಿ ಮಲಗಲೊಲ್ಲೆನೆಂದು ಕುಳಿತಳು. ಅಷ್ಟು ಸಾಕಾಯಿತು. ಮನೆಯವರು ಪೋಲೀಸಿನವರನ್ನು ಕರೆಸಿದರು. ನ್ಯಾಯಾಧಿಪತಿ ಡಫಿ ಆಕೆಯನ್ನು ಕಂಡು ಮರುಗಿ, ಯಾರದೋ ಮನೆಯ ಪ್ರೀತಿಯ ಮಗಳಿರಬೇಕೆಂದು, ದಯೆಯಿಂದಲೇ ಬೆಲ್ವ್ಯೂ ಆಸ್ಪತ್ರೆಗೆ ಕಳುಹಿಸಿದನು. ಅಲ್ಲಿಯ ವೈದ್ಯರು ನಾಲಗೆ ನೋಡಿ, ನಾಡಿ ಹಿಡಿದು, ಕಣ್ಣಿಗೆ ಬೆಳಕು ಹಿಡಿದು, ಒಬ್ಬರಾದ ಮೇಲೊಬ್ಬರು ಚಿತ್ತಭ್ರಮೆಯೇ ಸರಿಯೆಂದು ಬರೆದರು. ನಗರದ ‘ಸನ್’, ‘ಟೈಮ್ಸ್’ ಪತ್ರಿಕೆಗಳು ಈ ಅಜ್ಞಾತ ಹುಚ್ಚು ಹುಡುಗಿ ಯಾರಿರಬಹುದೆಂದು ಮರುಕದಿಂದ ಸುದ್ದಿ ಹಾಕಿದವು. ಎರಡು ಮೂರು ದಿನಗಳ ಎಳೆಯ ನಟನೆಗೆ ನ್ಯಾಯ, ವೈದ್ಯ, ಪತ್ರಿಕೆ ಎಂಬ ಮೂರು ದೊಡ್ಡ ಸಂಸ್ಥೆಗಳು ಸಾಲಾಗಿ ತಲೆಬಾಗಿದುವು.

ಇಲ್ಲಿ ಧರ್ಮಸೂಕ್ಷ್ಮವೊಂದಿದೆ. ಆ ತಂಗುಮನೆಯಲ್ಲಿ ಎಲ್ಲರೂ ಹೆದರಿ ದೂರ ಸರಿದಾಗ ಕೇನ್ ಎಂಬ ಒಬ್ಬ ಹೆಂಗಸು ಮಾತ್ರ ಆಕೆಯ ಬಳಿ ಬಂದು, ತಲೆ ನೇವರಿಸಿ, ಇಡೀ ರಾತ್ರಿ ಜತೆಯಲ್ಲಿ ಕಳೆದಳು. ಅವಳಿಗೆ ನಿಜವನ್ನು ಪಿಸುಗುಟ್ಟಬೇಕೆಂದು ತನಗೆ ಎಷ್ಟು ಹಂಬಲವಾಯಿತೆಂದು ನೆಲ್ಲಿ ಆಮೇಲೆ ಬರೆದಿದ್ದಾಳೆ, ಆದರೆ ಪಿಸುಗುಟ್ಟಲಿಲ್ಲ. ಒಳ್ಳೆಯ ಕಾರ್ಯಕ್ಕಾಗಿ ಆಡಿದ ಸುಳ್ಳು ಸುಳ್ಳಲ್ಲ ಎಂಬ ವಾದವು ಕೇಳಲು ಹಿತವಾಗಿರುತ್ತದೆ. ಧರ್ಮರಾಯನ ರಥವು ನೆಲಕ್ಕೆ ತಾಗಿದುದು ಅಂತಹ ವಾದದಿಂದಲೇ. ವಂಚಿತರಾದವರು ದುಷ್ಟರಾಗಿದ್ದರೆ ಮಾತು ಬೇರೆ. ಇಲ್ಲಿ ವಂಚಿತಳಾದವಳು ಆ ಕಥೆಯಲ್ಲೆಲ್ಲ ಅತ್ಯಂತ ಕರುಣಾಳುವಾದವಳು. ಒಂದನ್ನು ಮಾತ್ರ ನೆಲ್ಲಿಯ ಪಕ್ಷದಲ್ಲಿ ಹೇಳಬಹುದು: ಆಕೆ ತನ್ನ ವಂಚನೆಯನ್ನು ಮುಚ್ಚಿಡಲಿಲ್ಲ, ಕೇನಳ ಉಪಕಾರವನ್ನು ಹೆಸರು ಹಿಡಿದು ಅಚ್ಚಿನಲ್ಲಿ ಕೊಂಡಾಡಿದಳು. ಆ ಸಾಲವು ಅಷ್ಟರಿಂದ ತೀರಿತೋ ಇಲ್ಲವೋ ವಾಚಕರೇ ತೂಗಿ ನೋಡಬಹುದು.

ನಟನೆಯು ದೋಣಿಯ ದಡದಲ್ಲಿಯೇ ಮುಗಿಯಿತು. ದ್ವೀಪದಲ್ಲಿ ಕಾಲಿಟ್ಟ ಗಳಿಗೆಯಿಂದ ನೆಲ್ಲಿ ಎಂದಿನಂತೆಯೇ ಮಾತನಾಡಿದಳು, ಎಂದಿನಂತೆಯೇ ನಡೆದುಕೊಂಡಳು. ಆಕೆಯ ಸಾಹಸದ ಸತ್ತ್ವವೆಲ್ಲ ಈ ಒಂದು ನಿರ್ಧಾರದಲ್ಲಿದೆ. ಹುಚ್ಚಿಯಂತೆ ನಟಿಸಿದ್ದಾಗ ಆಕೆಯ ಸುಳ್ಳನ್ನು ಎಲ್ಲರೂ ನಂಬಿದ್ದರು. ಈಗ ನಿಜವನ್ನಾಡತೊಡಗಿದಾಗ ನಂಬುವವರಿಲ್ಲವಾಯಿತು. ತನಗೆ ಬುದ್ಧಿಯು ಸ್ಥಿರವಾಗಿದೆಯೆಂದು ಹೆಚ್ಚು ಹೆಚ್ಚಾಗಿ ಹೇಳಿದಂತೆಲ್ಲ ವೈದ್ಯರಿಗೆ ಸಂಶಯವು ಹೆಚ್ಚು ಹೆಚ್ಚು ದೃಢವಾಯಿತು.

ಆಕೆಯೊಡನೆ ದೋಣಿ ಹತ್ತಿದ ಹೆಂಗಸರನ್ನು ನೋಡಿದರೆ ಅಲ್ಲಿಗೆ ಯಾರು ಹೋಗುತ್ತಿದ್ದರೆಂಬುದು ತಿಳಿಯುತ್ತದೆ. ಆನ್ ನೆವಿಲ್ ಎಂಬವಳು ಮನೆಗೆಲಸದವಳು. ದುಡಿದು ದುಡಿದು ಕಾಯಿಲೆ ಬಿದ್ದಿದ್ದಳು. ಅವಳ ವೆಚ್ಚ ಕೊಡುತ್ತಿದ್ದ ಬಂಧುವಿಗೆ ಕೆಲಸ ತಪ್ಪಿದುದರಿಂದ ಬೆಲ್ವ್ಯೂಗೆ ಸೇರಿಸಿದರು, ಅಲ್ಲಿಂದ ದ್ವೀಪಕ್ಕೆ. ಟಿಲ್ಲಿ ಮೇಯರ್ಡ್ ಎಂಬ ಎಳೆಯ ವಯಸ್ಸಿನವಳು ರೋಗದಿಂದೆದ್ದು ಇನ್ನೂ ಬಲಹೀನಳಾಗಿದ್ದಳು. ಚೇತರಿಸಿಕೊಳ್ಳುವವರ ವಿಭಾಗಕ್ಕೆ ಹೋಗುತ್ತಿರುವೆನೆಂದೇ ನಂಬಿದ್ದಳು. ಎಲ್ಲಿಗೆ ಬಂದಿರುವೆನೆಂದು ತಿಳಿದಾಗ ಅವಳು ಅಳಲಿಲ್ಲ, ಕಿರುಚಲಿಲ್ಲ. ತನಗೆ ಹುಚ್ಚಿದೆಯೋ ಇಲ್ಲವೋ ಪರೀಕ್ಷಿಸಿ ನೋಡಿರೆಂದು ವೈದ್ಯನನ್ನು ಬೇಡಿದಳು. ಇದಕ್ಕಿಂತ ಹದವಾದ ಮಾತನ್ನು ಯಾವ ಬುದ್ಧಿವಂತನು ಆಡಬಲ್ಲನು? ತಿಳಿಯಬೇಕಾದುದೆಲ್ಲ ತಿಳಿದಿದೆಯೆಂದು ಹೇಳಿ ಅವಳನ್ನು ಕಳುಹಿಸಿಬಿಟ್ಟರು. ಲೂಯಿ ಶಾಂಜ್ ಎಂಬವಳು ಜರ್ಮನಿಯವಳು. ಇಂಗ್ಲಿಷಿನ ಒಂದು ಮಾತೂ ಬಾರದು. ಅಲ್ಲಿದ್ದ ದಾದಿ ಜರ್ಮನ್ ಮನೆತನದವಳೇ. ಆದರೆ ವೈದ್ಯನು ಅವಳನ್ನು ದುಭಾಷಿಯಾಗೆಂದು ಕೇಳಿದಾಗ, ತನಗೆ ಆ ಭಾಷೆ ಅಷ್ಟಾಗಿ ತಿಳಿಯದೆಂದು ನುಣುಚಿಕೊಂಡಳು. ವೈದ್ಯನ ಗಮನವಾದರೋ ರೋಗಿಗಿಂತ ಆ ದಾದಿಯ ಮೇಲೆಯೇ ಹೆಚ್ಚಾಗಿದ್ದಿತಂತೆ. ತನ್ನ ಮೇಲಿನ ಆಪಾದನೆ ಏನೆಂದು ತಿಳಿಯದೆಯೇ, ತನ್ನ ಉತ್ತರವನ್ನು ತಿಳಿಸಲಾಗದೆಯೇ ಆ ಹೆಂಗಸು ಬಾಗಿಲಿನೊಳಗಾದಳು. ಕೊಲೆಗಡುಕನಿಗೂ ನ್ಯಾಯಸ್ಥಾನದಲ್ಲಿ ದುಭಾಷಿಯುಂಟು.

ಗಂಡನ ಮಾತೇ ಹೆಂಡತಿಯ ಬುದ್ಧಿಗೆ ಪ್ರಮಾಣವಾಗಿದ್ದ ಕಾಲ ಅದು. ಇಲಿನಾಯ್ ಸಂಸ್ಥಾನದಲ್ಲಿ ಎಲಿಜಬೆತ್ ಪ್ಯಾಕರ್ಡ್ ಎಂಬಾಕೆ ಧರ್ಮವಿಚಾರದಲ್ಲಿ ಪಾದ್ರಿಯಾದ ತನ್ನ ಗಂಡನೊಡನೆ ಭಿನ್ನಮತವುಳ್ಳವಳಾದುದೇ ಅಪರಾಧವಾಗಿ, 1860ರಲ್ಲಿ ಹುಚ್ಚಾಸ್ಪತ್ರೆಯ ಪಾಲಾದಳು. ಮದುವೆಯಾದ ಹೆಂಗಸನ್ನು ಒಳಗೆ ಹಾಕುವುದಕ್ಕೆ ಇತರರಿಗೆ ಬೇಕಾದಷ್ಟು ಸಾಕ್ಷ್ಯ ಬೇಡವೆಂದು ಅಲ್ಲಿಯ ಕಾಯಿದೆಯೇ ಹೇಳುತ್ತಿದ್ದಿತು. ಮೂರು ವರ್ಷ ಕಳೆದು ಹೊರಬಂದ ಮೇಲೆ, 1864ರಲ್ಲಿ, ಪಂಚರು ಏಳೇ ನಿಮಿಷಗಳಲ್ಲಿ ಆಕೆ ಸ್ವಸ್ಥಳೆಂದು ತೀರ್ಪು ಹೇಳಿದರು. ಮೂರು ವರ್ಷಕ್ಕೆ ಏಳು ನಿಮಿಷ. ಆಕೆ ತಾನೇ ಪುಸ್ತಕ ಬರೆದು, ತಾನೇ ಮಾರಿ, ಕಾಯಿದೆಗಳನ್ನು ತಿದ್ದಿಸುವುದರಲ್ಲಿ ಉಳಿದ ಬಾಳನ್ನು ಸವೆಸಿದಳು.

ದ್ವೀಪದ ನಿತ್ಯವಿಧಿಯನ್ನು ನೆಲ್ಲಿ ವಿವರವಾಗಿ ಬರೆದಿದ್ದಾಳೆ. ಒಳಗೆ ಹೋದ ರಾತ್ರಿಯೇ ಬಟ್ಟೆ ಕಳಚಿಸಿ, ಮಂಜಿನಂತೆ ತಣ್ಣಗಿದ್ದ ನೀರನ್ನು ಒಂದರ ಮೇಲೊಂದು ಮೂರು ಬಕೆಟ್ಟು ತಲೆಯ ಮೇಲೆ ಸುರಿದರು. ಒಬ್ಬಳ ಸ್ನಾನದ ನೀರಿನಲ್ಲಿ ಇನ್ನೊಬ್ಬಳು, ಅದು ಕೊಳೆತು ಮಂದವಾಗುವವರೆಗೆ. ಮೈಯಲ್ಲಿ ಹುಣ್ಣಿದ್ದವರಿಗೂ ಇಲ್ಲದವರಿಗೂ ಅದೇ ಒರಸುಬಟ್ಟೆ. 45 ಮಂದಿಗೆ ಎರಡು. ಊಟಕ್ಕೆ ಉಪ್ಪಿಲ್ಲದ ಅಡಿಗೆ, ಕಮಟು ಹಿಡಿದ ಬೆಣ್ಣೆ, ಒಣಗಿದ ರೊಟ್ಟಿ. ಅದೇ ವೇಳೆಗೆ ದಾದಿಯರಿಗೆ ದ್ರಾಕ್ಷಿ, ಕರಬೂಜ. ಚಳಿಗಾಲಕ್ಕೆ ಮುಂಚೆ ಕೊಠಡಿ ಕಾಯಿಸುವಂತಿಲ್ಲವೆಂಬ ನಿಯಮ. ಕೋಟು ಹೊದ್ದ ದಾದಿಯರ ಎದುರಿಗೆ ತೆಳುವಾದ ಹತ್ತಿಬಟ್ಟೆಯುಟ್ಟ ಹೆಂಗಸರು ನೀಲಿಗಟ್ಟಿ ನಡುಗುತ್ತಿದ್ದರು. ಇವೆಲ್ಲಕ್ಕಿಂತ ಘೋರವಾದುದು ಹೊಡೆತವಾಗಲಿ ಹಸಿವಾಗಲಿ ಆಗಿರಲಿಲ್ಲವೆಂದು ತೋರುತ್ತದೆ. ಬೆಳಗಿನ ಆರು ಗಂಟೆಯಿಂದ ರಾತ್ರಿ ಎಂಟರವರೆಗೆ ನೆಟ್ಟಗಿನ ಬೆಂಚುಗಳ ಮೇಲೆ ಕೂರಿಸಿ, ಮಾತನಾಡಬಾರದು, ಅಲುಗಬಾರದು, ಓದಬಾರದು ಎಂದು ವಿಧಿಸುವುದು, ಅದೇ ಅಲ್ಲಿಯ ಚಿಕಿತ್ಸೆ. ಬುದ್ಧಿ ನೆಟ್ಟಗಿರುವ ಯಾವ ಹೆಂಗಸನ್ನಾದರೂ ಎರಡು ತಿಂಗಳು ಹೀಗೆ ಕೂರಿಸಿದರೆ ಅವಳ ಮೈಮನಸ್ಸುಗಳೆರಡೂ ಹಾಳಾಗುವುವೆಂದು ನೆಲ್ಲಿ ಬರೆದುದರಲ್ಲಿ ಉತ್ಪ್ರೇಕ್ಷೆಯಿಲ್ಲ. ಚಿಕ್ಕ ಮಕ್ಕಳನ್ನು ಅರ್ಧ ಗಂಟೆ ಕೈಕಟ್ಟಿ ಕೂರಿಸಿ ನೋಡಿದ ಯಾವ ಉಪಾಧ್ಯಾಯನೂ ಅದನ್ನು ಒಪ್ಪುವನು.

ಒಂದು ದಿನ ಅಂಗಳದಲ್ಲಿ ಆಕೆ ಕಂಡ ನೋಟ ಇದು: 52 ಮಂದಿ ಹೆಂಗಸರು, ಸೊಂಟಕ್ಕೆ ಅಗಲವಾದ ತೊಗಲು ಪಟ್ಟಿ, ಪಟ್ಟಿಗಳಿಗೆಲ್ಲ ಪೋಣಿಸಿದ ಒಂದೇ ಉದ್ದ ಹಗ್ಗ, ಹಗ್ಗದ ತುದಿಯಲ್ಲಿ ಕಬ್ಬಿಣದ ಬಂಡಿ. ಕೆಲವರು ಅಳುತ್ತಿದ್ದರು, ಕೆಲವರು ಹಾಡುತ್ತಿದ್ದರು. ಎಲ್ಲರೂ ಒಟ್ಟಿಗೆ ಎಳೆಯಲ್ಪಡುತ್ತಿದ್ದರು. ಚರಕಸಂಹಿತೆಯ ಉನ್ಮಾದಚಿಕಿತ್ಸೆಯ ಅಧ್ಯಾಯವನ್ನು ಬಲ್ಲವರಿಗೆ ಇಲ್ಲಿ ಒಂದು ಮಾತು ನೆನಪಾಗದಿರದು. ಅಂಕೆಗೆ ಬಾರದ ರೋಗಿಯನ್ನು ಕಟ್ಟಲೇಬೇಕಾದಾಗ ಪಟ್ಟಿಯು ದೃಢವಾಗಿರಬೇಕು, ಆದರೆ ಸುಖಕರವಾಗಿರಬೇಕು. ಅವನನ್ನಿಡುವ ಕೋಣೆಯಲ್ಲಿ ಕಬ್ಬಿಣ, ಮರ ಮುಂತಾದ ಪೆಟ್ಟಾಗುವ ವಸ್ತುಗಳಿರಬಾರದು. ಮಿತ್ರರು ಸಮಾಧಾನದ ಮಾತನ್ನಾಡಬೇಕು, ಎಂದು ಅಲ್ಲಿ ವಿಧಿಯಿದೆ. ಇದನ್ನೆತ್ತಿ ಪ್ರಾಚೀನರನ್ನು ಹೊಗಳುವವರು ಅದೇ ಅಧ್ಯಾಯದಲ್ಲಿ ಹಲ್ಲು ಕಿತ್ತ ಹಾವಿನಿಂದಲೂ ಪಳಗಿಸಿದ ಸಿಂಹ ಗಜಗಳಿಂದಲೂ ರೋಗಿಯನ್ನು ಹೆದರಿಸಬೇಕೆಂದು ಹೇಳಿರುವುದನ್ನೂ ಓದಬೇಕು. ಹುಚ್ಚಿನ ಭಯವು ವೈದ್ಯನನ್ನೂ ಕ್ರೂರನನ್ನಾಗಿಸುವುದು ಒಂದು ದೇಶದ, ಒಂದು ಕಾಲದ ದೋಷವಲ್ಲ.

ಮಾತಿನ ಬೆಲೆ ಅಲ್ಲಿ ಹೇಗೆ ಕಳೆಯುತ್ತಿದ್ದಿತೆಂಬುದಕ್ಕೆ ಎರಡು ಸಂಗತಿಗಳು ಸಾಕು. ಆಕೆ ತನ್ನೊಡನೆ ತಂದಿದ್ದ ಟಿಪ್ಪಣಿಪುಸ್ತಕವನ್ನೂ ಪೆನ್ಸಿಲನ್ನೂ ಕಿತ್ತುಕೊಂಡಿದ್ದರು. ಮರಳಿ ಕೇಳಿದಾಗ, ಪುಸ್ತಕ ಮಾತ್ರ ಇದ್ದಿತು, ಪೆನ್ಸಿಲಿರಲಿಲ್ಲವೆಂದು ದಾದಿ ಹೇಳಿದಳು. ಇದ್ದಿತೆಂದು ಆಕೆ ಒತ್ತಿ ಹೇಳಿದಳು. ಹಾಗಾದರೆ ನಿನ್ನ ತಲೆಯ ಈ ಕಲ್ಪನೆಗಳೊಡನೆ ನೀನು ಹೋರಾಡಬೇಕು ಎಂಬ ಉಪದೇಶ ದೊರೆಯಿತು. ಬರೆಯಲೆಂದೇ ಬಂದವಳ ಪೆನ್ಸಿಲು ಅವಳ ಭ್ರಾಂತಿಯಾಯಿತು! ಇನ್ನೊಂದು, ಬೀಗಗಳ ಸಂಗತಿ. ರಾತ್ರಿ ಒಂದೊಂದು ಕೋಣೆಗೂ ಬೇರೆ ಬೇರೆ ಬೀಗ. ಬೆಂಕಿ ಬಿದ್ದರೆ ಮುನ್ನೂರು ಮಂದಿ ಸುಟ್ಟುಹೋಗುವರೆಂದು ಆಕೆ ಇಂಗ್ರಾಂ ಎಂಬ ವೈದ್ಯನಿಗೆ ತಿಳಿಸಿ, ಒಂದೇ ಹಿಡಿ ತಿರುಗಿಸಿದರೆ ಸಾಲಿನ ಬಾಗಿಲುಗಳೆಲ್ಲ ತೆರೆಯುವಂತಹ ಯಂತ್ರವಿದೆಯೆಂದು ವಿವರಿಸಿದಳು. ಇಂಗ್ರಾಂ ಒಳ್ಳೆಯವನು, ಆಕೆಯೇ ಅವನನ್ನು ಹೊಗಳಿದ್ದಾಳೆ. ಅವನು ಮರುಕದಿಂದ ನೋಡಿ, ಇದಕ್ಕೆ ಮೊದಲು ನೀನು ಯಾವ ಸಂಸ್ಥೆಯಲ್ಲಿ ಬಂಧಿಯಾಗಿದ್ದೆ ಎಂದು ಕೇಳಿದನು; ಅಂತಹ ಬೀಗಗಳಿರುವುದು ಸಿಂಗ್ ಸಿಂಗ್ ಸೆರೆಮನೆಯಲ್ಲಿ ಮಾತ್ರವೆಂದು ಅವನಿಗೆ ಗೊತ್ತು. ಪಿಟ್ಸ್‌ಬರ್ಗಿನ ಕಡೆಯ ಸೆರೆಮನೆಗೆ ವರದಿಗಾರ್ತಿಯಾಗಿ ಹೋಗಿದ್ದೆನೆಂದು ಹೇಳುವಂತಿರಲಿಲ್ಲ. ಬುದ್ಧಿವಂತಿಕೆಯ ಸಲಹೆಯೇ ಆಕೆಗೆ ಪೂರ್ವಾಪರಾಧದ ಸಾಕ್ಷ್ಯವಾಗಿ ತಿರುಗಿತು.

ಹತ್ತು ದಿನಗಳಾದ ಮೇಲೆ ಪತ್ರಿಕೆಯವರು ಕಳುಹಿಸಿದ ವಕೀಲನು ಬಂದು ಬಿಡಿಸಿಕೊಂಡು ಹೋದನು. ಅಕ್ಟೋಬರ್ 9ರಲ್ಲಿಯೂ 16ರಲ್ಲಿಯೂ ‘ವರ್ಲ್ಡ್’ ಪತ್ರಿಕೆ ಆಕೆಯ ಬರಹವನ್ನು ಪ್ರಕಟಿಸಿತು. ಅದೇ ವರ್ಷ ಪುಸ್ತಕವೂ ಆಯಿತು. ಹೊರಗೆ ಬಂದಾಗ ಸಂತೋಷಕ್ಕಿಂತ ಸಂಕಟವೇ ಹೆಚ್ಚಾಯಿತೆಂದು ಆಕೆ ಬರೆದಿದ್ದಾಳೆ. ತಾನು ಹೊರಬಂದುದು ಹುಚ್ಚಿಲ್ಲವೆಂದು ತೋರಿಸಿ ಅಲ್ಲ, ವಕೀಲನೊಬ್ಬನು ಬಂದುದರಿಂದ. ಒಳಗಿದ್ದವರಿಗೆ ವಕೀಲನಿರಲಿಲ್ಲ.

ಆಮೇಲೆ ಆಕೆ ಪಡೆದ ಕೀರ್ತಿಯ ವೃತ್ತಾಂತವನ್ನು ಇಲ್ಲಿ ಬೆಳೆಸಬೇಕಾದುದಿಲ್ಲ. 1889ರ ನವೆಂಬರಿನಲ್ಲಿ ಹೊರಟು 72 ದಿನಗಳಲ್ಲಿ ಭೂಪ್ರದಕ್ಷಿಣೆ ಮಾಡಿ ಬಂದ ಆಕೆಯನ್ನೇ ಲೋಕವು ಹೆಚ್ಚಾಗಿ ನೆನೆಯುವುದು. (ಆ ಯಾತ್ರೆಯಲ್ಲಿ ಹಡಗು ತಡವಾಗಿ ಐದು ದಿನ ಕೊಲಂಬೋ ನಗರದಲ್ಲಿ ನಿಂತಿದ್ದಳು, ಭಾರತದ ನೆಲವನ್ನು ಮೆಟ್ಟಲಿಲ್ಲ.) 1895ರಲ್ಲಿ ವೃದ್ಧನಾದ ಧನಿಕನೊಬ್ಬನನ್ನು ಮದುವೆಯಾಗಿ, ಅವನ ಕಾರ್ಖಾನೆಯನ್ನು ನಡೆಸಿ, ದಿವಾಳಿಯೆದ್ದು, ಮೊದಲನೆಯ ಮಹಾಯುದ್ಧದ ವರದಿಗಳನ್ನು ಆಸ್ಟ್ರಿಯಾದಿಂದ ಬರೆದು, 1922ರ ಜನವರಿ 27ರಂದು ನ್ಯೂಯಾರ್ಕಿನಲ್ಲಿ ತೀರಿಕೊಂಡಳು. ಆಕೆಯ ಹಾದಿಯನ್ನು ಹಿಡಿದು ಇತರ ಪತ್ರಿಕೆಗಳೂ ಹುಡುಗಿಯರನ್ನು ವೇಷ ಹಾಕಿಸಿ ಕಳುಹಿಸಿದವು. ನೆಲ್ ನೆಲ್ಸನ್ 1888ರಲ್ಲಿ ಷಿಕಾಗೋ ನಗರದ ಕಾರ್ಖಾನೆಗಳಲ್ಲಿ ಕೂಲಿ ಮಾಡಿ ಬರೆದಳು. ಸ್ಯಾನ್ ಫ್ರಾನ್ಸಿಸ್ಕೋ ನಗರದ ವಿನಿಫ್ರೆಡ್ ಬ್ಲ್ಯಾಕ್ ಬೀದಿಯಲ್ಲಿ ಮೂರ್ಛೆ ಬಿದ್ದಂತೆ ನಟಿಸಿ ಆಸ್ಪತ್ರೆಯವರ ಒರಟುತನವನ್ನು ಬಯಲಿಗೆಳೆದಳು. ಇವರ ಬರಹಗಳಲ್ಲಿ ಹಗುರವಾದುದೂ ಉಂಟು. ಪತ್ರಿಕೆಯ ಮಾರಾಟವು ಸಂಪಾದಕರ ಕಣ್ಣಿನಿಂದ ಎಂದೂ ಮರೆಯಾಗಿರಲಿಲ್ಲ. ಆದರೂ ಹೂದೋಟದ ಪುಟದಿಂದ ಮೊದಲನೆಯ ಪುಟಕ್ಕೆ ಹೆಂಗಸು ದಾಟಿದುದು ಈ ದಾರಿಯಿಂದಲೇ.

ತನ್ನ ಬರಹದ ಬಲದಿಂದ ನಗರವು ಚಿತ್ತವಿಕಲರಿಗಾಗಿ ಹಿಂದೆಂದಿಗಿಂತಲೂ 10 ಲಕ್ಷ ಡಾಲರುಗಳನ್ನು ಹೆಚ್ಚಾಗಿ ಕೊಟ್ಟಿತೆಂದು ಆಕೆ ಹೇಳಿಕೊಂಡಿದ್ದಾಳೆ. ಹೆಚ್ಚಿನ ಹಣದ ಮಾತು ಕಚೇರಿಗಳಲ್ಲಿ ಆಗಲೇ ನಡೆದಿದ್ದುದರಿಂದ ಅದಷ್ಟನ್ನೂ ಆಕೆಯ ಲೆಕ್ಕಕ್ಕೆ ಬರೆಯಲಾಗದು. ದ್ವೀಪದ ಹುಚ್ಚಾಸ್ಪತ್ರೆ 1894ರಲ್ಲಿ ಮುಚ್ಚಿತು. ರೋಗಿಗಳನ್ನು ಬೇರೊಂದು ದ್ವೀಪಕ್ಕೆ ಸಾಗಿಸಿದರು. ಬ್ಲ್ಯಾಕ್‌ವೆಲ್ ಎಂಬ ಹೆಸರನ್ನೂ ಬದಲಾಯಿಸಿದರು. 1973ರಿಂದ ಅದು ರೂಸ್‌ವೆಲ್ಟ್ ದ್ವೀಪ. ಎಂಟು ಮೂಲೆಯ ಗೋಪುರವು ಉಳಿದಿದೆ. ಅದಕ್ಕೆ ಸೇರಿಸಿ ಕಟ್ಟಿದ ಮನೆಗಳಲ್ಲಿ ಬಾಡಿಗೆದಾರರಿದ್ದಾರೆ. 2021ರಲ್ಲಿ ಆಕೆಯ ಸ್ಮಾರಕವೊಂದು ಆ ದ್ವೀಪದ ತುದಿಯಲ್ಲಿ ನಿಂತಿತು.

ಇವೆಲ್ಲಕ್ಕೆ ಮೊದಲು, ಬರಹವು ಪ್ರಕಟವಾದ ತಿಂಗಳಲ್ಲಿಯೇ, ಗ್ರ್ಯಾಂಡ್ ಜೂರಿ ಎಂಬ ಪಂಚರ ಮಂಡಲಿಯು ವಿಚಾರಣೆಗಾಗಿ ದ್ವೀಪಕ್ಕೆ ಹೋಯಿತು. ನೆಲ್ಲಿಯನ್ನೂ ಜತೆಯಲ್ಲಿ ಕರೆದೊಯ್ದರು. ಗುಟ್ಟಾಗಿ ಹೋಗಬೇಕೆಂದು ಏರ್ಪಾಡಾಗಿದ್ದರೂ ಆಸ್ಪತ್ರೆಯವರಿಗೆ ಸುದ್ದಿಯು ಮುಂಚಿತವಾಗಿ ಮುಟ್ಟಿದ್ದಿತು. ಆಕೆ ಹೋಗಿದ್ದ ಕೊಳಕು ದೋಣಿ ದುರಸ್ತಿಗೆ ಹೋಗಿದೆಯೆಂದು ಹೊಸ ದೋಣಿ ಬಂದಿತು. ಕೊಠಡಿಗಳು ತೊಳೆದು ಹೊಳೆಯುತ್ತಿದ್ದವು, ರೊಟ್ಟಿಯು ಬೆಳ್ಳಗಿದ್ದಿತು, ಉಪ್ಪಿಲ್ಲದೆ ಊಟ ಬಡಿಸುತ್ತಿದ್ದ ಅಡಿಗೆಮನೆಯ ಬಾಗಿಲಲ್ಲಿ, ಕಣ್ಣಿಗೆ ಬೀಳುವಂತೆ, ಎರಡು ಪೀಪಾಯಿ ಉಪ್ಪನ್ನು ಇಟ್ಟಿದ್ದರು. ಆಕೆ ಹೆಸರಿಸಿದ್ದ ಹೆಂಗಸರಲ್ಲಿ ಹಲವರು ಸಿಕ್ಕಲಿಲ್ಲ, ಕೆಲವರನ್ನು ಬಿಟ್ಟುಕಳುಹಿಸಿದ್ದೇವೆಂದರು. ಟಿಲ್ಲಿ ಮೇಯರ್ಡ್ ಸಿಕ್ಕಿದಳು; ಅವಳ ಸ್ಥಿತಿಯನ್ನು ಕಂಡು ನೆಲ್ಲಿ ನಡುಗಿದಳು. ಪರೀಕ್ಷಿಸಿ ನೋಡಿರೆಂದು ಬೇಡಿದ್ದ ಹುಡುಗಿಯಲ್ಲಿ ಪರೀಕ್ಷಿಸುವುದಕ್ಕೆ ಈಗ ಏನೂ ಉಳಿದಿರಲಿಲ್ಲ.

ಕೊನೆಗೆ ಆನ್ ನೆವಿಲಳನ್ನು ಕರೆಸಿದರು. ಬಹು ಮಂದಿ ಗಂಡಸರು ಪರೀಕ್ಷೆ ಮಾಡುವರೆಂದು ದಾದಿಯರು ಹೇಳಿಟ್ಟಿದ್ದುದರಿಂದ ಅವಳು ಗಡಗಡ ನಡುಗುತ್ತಿದ್ದಳು. ಎರಡೇ ವಾರಗಳಲ್ಲಿ ದೊಡ್ಡ ರೋಗದಿಂದೆದ್ದವಳಂತೆ ಬಡವಾಗಿದ್ದಳು. ನೆಲ್ಲಿಯೇ ಎದ್ದು ಹೋಗಿ ಕೈಹಿಡಿದು, ತಾವಿಬ್ಬರೂ ಇಲ್ಲಿಗೆ ಬಂದಂದಿನಿಂದ ನಡೆದುದನ್ನೆಲ್ಲ ಇವರಿಗೆ ಹೇಳು, ಹೇಳಿದರೆ ನನಗೆ ಹುಚ್ಚಿಲ್ಲವೆಂದು ಇವರು ನಂಬುವರು, ಎಂದಳು. ಎದುರಿಗೆ ನಿಂತವಳು ಪತ್ರಿಕೆಯವಳೆಂಬುದಾಗಲಿ, ಅವಳ ನಿಜವಾದ ಹೆಸರಾಗಲಿ ಆನ್ ನೆವಿಲಳಿಗೆ ತಿಳಿಯದು. ಅವಳ ಪಾಲಿಗೆ ಆಕೆ ತನ್ನೊಡನೆ ದೋಣಿಯಲ್ಲಿ ಬಂದ ಮಿಸ್ ಬ್ರೌನ್ ಮಾತ್ರ. ಅವಳು ಹೇಳಿದಳು: ದಾದಿಯರು ಕ್ರೂರಿಗಳಾಗಿದ್ದರು, ಊಟವು ತಿನ್ನುವಂತಿರಲಿಲ್ಲ, ಉಡಲು ಸಾಲದು, ಮಿಸ್ ಬ್ರೌನ್ ಬಟ್ಟೆಗಾಗಿ ಯಾವಾಗಲೂ ಕೇಳುತ್ತಿದ್ದಳು, ವೈದ್ಯನು ಅವಳಿಗೆ ಕೊಡುವೆನೆಂದ ಬಟ್ಟೆಯನ್ನು ತನಗೇ ಕೊಡುವೆನೆಂದಿದ್ದಳು, ಅವಳು ಹೊರಟುಹೋದಂದಿನಿಂದ, ಅದೇಕೋ ತಿಳಿಯದು, ಎಲ್ಲವೂ ಬದಲಾಗಿದೆ, ದಾದಿಯರು ಒಳ್ಳೆಯವರಾಗಿದ್ದಾರೆ, ಊಟ ಚೆನ್ನಾಗಿದೆ. ಹುಚ್ಚಿಯೆಂದು ಬರೆದಿಟ್ಟಿದ್ದವಳಾದುದರಿಂದ ಅವಳಿಂದ ಪ್ರಮಾಣ ಮಾಡಿಸಲಿಲ್ಲ. ಪಂಚರು ಅವಳ ಮಾತನ್ನು ಕೊನೆಯವರೆಗೂ ಕೇಳಿದರು. ನೆಲ್ಲಿ ಬ್ಲೈ ಬರೆದುದು ನಿಜವೆಂದು ನ್ಯಾಯಸ್ಥಾನಕ್ಕೆ ವರದಿ ಮಾಡಿದರು.